ಬೆಂಕಿ ಕಾಯುವ ಗುಡ್ಡ: ಒಂದು ದಿನದ ನಡಿಗೆ ಹೇಗಿತ್ತು

ಮೊದಲೇ ಹೇಳಿಬಿಡುತ್ತೇನೆ. ಕಾಡಿನ ಬೆಂಕಿ ಕಾಯುವ ಗುಡ್ಡಕ್ಕೆ ಕರೆದುಕೊಂಡು ಹೋಗುವ ಈ ನಡಿಗೆಗೆ ಹೋಗಿ ಬನ್ನಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಬುಕ್ ಮಾಡುವಾಗ ಫೋನಿನಲ್ಲಿ "ಸಣ್ಣ ಗುಡ್ಡ, ಯಾರು ಬೇಕಾದ್ರೂ ಹತ್ತಬಹುದು" ಅನ್ನುತ್ತಾರೆ. ಅದೊಂದನ್ನು ನಂಬಬೇಡಿ. ಕೊನೆಯ ಒಂದು ಕಿಲೋಮೀಟರು ನಿಜಕ್ಕೂ ಕಡಿದಾಗಿದೆ.

ನಾವು ಹೋದದ್ದು ಈ ಜನವರಿ ಮೂರನೇ ವಾರ, ಭಾನುವಾರ. ಜಾಗ ದೇವಿಮನೆ ಘಟ್ಟದ ಬುಡದ ಒಂದು ಹಳ್ಳಿ, ಕುಮಟಾ ತಾಲೂಕು. ಊರಿನ ಹೆಸರು ಹಾಕಬೇಡಿ ಎಂದು ಅಲ್ಲಿಯ ಗ್ರಾಮ ಅರಣ್ಯ ಸಮಿತಿಯವರೇ ಕೇಳಿಕೊಂಡಿದ್ದಾರೆ. ವಾರಕ್ಕೆ ಎರಡೇ ಗುಂಪು, ಗುಂಪಿಗೆ ಎಂಟೇ ಜನ. ಅದಕ್ಕಿಂತ ಜಾಸ್ತಿ ಬಂದರೆ ದಾರಿಯೂ ಹಾಳು, ಕಾಡೂ ಹಾಳು ಎನ್ನುತ್ತಾರೆ. ಸರಿಯಾದ ಮಾತು. ಹೋಗಲೇಬೇಕು ಅನ್ನುವವರು ಘಟ್ಟ ಇಳಿದ ಮೇಲೆ ಚಾ ಅಂಗಡಿಯಲ್ಲಿ "ಬೆಂಕಿ ಕಾಯುವ ಗುಡ್ಡ" ಎಂದು ಕೇಳಿ, ದಾರಿ ಹೇಳುತ್ತಾರೆ.

ತಲೆಗೆ 600 ರೂಪಾಯಿ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟ, ಅರಣ್ಯದವರ ಅನುಮತಿ, ಜೊತೆಗೆ ಬರುವ ಇಬ್ಬರು, ಎಲ್ಲ ಅದರಲ್ಲೇ ಬಂತು. ಮುಂದೆ ನಡೆಯುವವರು ಗೌಡ್ರು, ಅರವತ್ತರ ಹತ್ತಿರದವರು. ಹಿಂದೆ ಬರುವವನು ಅವರ ತಮ್ಮನ ಮಗ. ಗೌಡ್ರು ಬೇಸಿಗೆಯಲ್ಲಿ ಅದೇ ಗುಡ್ಡದ ಮೇಲೆ ಬೆಂಕಿ ವಾಚರ್. ಫೆಬ್ರವರಿಯಿಂದ ಮಳೆ ಬೀಳುವವರೆಗೆ ಮೇಲೆ ಕುಳಿತು ಸುತ್ತಲಿನ ಕಾಡು ಕಾಯುವುದು ಅವರ ಕೆಲಸ. ಚಳಿಗಾಲದಲ್ಲಿ ನಮ್ಮಂಥವರನ್ನು ಕರೆದುಕೊಂಡು ಹೋಗುತ್ತಾರೆ. ಈ ನಡಿಗೆಯ ಬೆಲೆ ಇರುವುದೇ ಅಲ್ಲಿ. ದಾರಿ ತೋರಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಆ ಗುಡ್ಡದ ಮೇಲೆ ಹನ್ನೊಂದು ಬೇಸಿಗೆ ಕಳೆದವರು ಸಿಗುವುದಿಲ್ಲ.

ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಇಷ್ಟು ಉದ್ದ ಯಾಕೆ ಬರೆಯುತ್ತಿದ್ದೇನೆ ಅಂತ ಗೊತ್ತಾಗುವುದಿಲ್ಲ. ನಾನು ಶಿರಸಿಯಲ್ಲಿ ಪಿಗ್ಮಿ ಕಲೆಕ್ಷನ್ ಮಾಡುತ್ತೇನೆ. ವಯಸ್ಸು 54. ದೇವಿಕೆರೆ, ಸಿ.ಪಿ. ಬಜಾರು, ಬನವಾಸಿ ರಸ್ತೆ ಅಂತ ದಿನಕ್ಕೆ ಏಳೆಂಟು ಕಿಲೋಮೀಟರು ನಡೆಯುವವಳು. ತವರುಮನೆ ಸಿದ್ದಾಪುರದ ಕಡೆ. ಅಡಿಕೆ ತೋಟ, ತೋಟಕ್ಕೆ ಸೇರಿದ ಸೊಪ್ಪಿನ ಬೆಟ್ಟ. ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದಾರೆ. ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ಜಾಗ ಸರ್ಕಾರದ್ದು, ಸೊಪ್ಪು, ದರಕು (ಒಣಗಿ ಬಿದ್ದ ಎಲೆ), ಹುಲ್ಲು ನಮ್ಮದು. ಕೊಟ್ಟಿಗೆಗೆ ಹಾಸುವುದು ಅದೇ, ಗೊಬ್ಬರವಾಗಿ ತೋಟಕ್ಕೆ ಹೋಗುವುದೂ ಅದೇ. ಬೆಟ್ಟ ಇಲ್ಲದೆ ತೋಟ ಇಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಬೆಟ್ಟ ಸುಟ್ಟುಹೋಯಿತು. 1985ರ ಮಾರ್ಚ್. ಅದಕ್ಕೆ ಒಂದೂವರೆ ವರ್ಷ ಮೊದಲು, 1983ರ ಸೆಪ್ಟೆಂಬರಿನಲ್ಲಿ, ಸಾಲ್ಕಣಿ ಕಡೆಯವರು ಮರ ಅಪ್ಪಿಕೊಂಡು ನಿಂತಿದ್ದರು. ಅಪ್ಪಿಕೋ ಚಳವಳಿಯ ಮಾತು ಮನೆಮನೆಯಲ್ಲಿ ನಡೆಯುತ್ತಿದ್ದ ಕಾಲ. ಕೊಡಲಿಯಿಂದ ಮರ ಉಳಿಸುವುದನ್ನು ಎಲ್ಲರೂ ಮಾತಾಡುತ್ತಿದ್ದರು, ಬೆಂಕಿಯ ಕಡೆ ಯಾರ ಕಣ್ಣೂ ಇರಲಿಲ್ಲ. ಹೊಗೆ ಮಧ್ಯಾಹ್ನವೇ ಕಂಡಿತ್ತು. ನಾನೂ ನೋಡಿದ್ದೆ. ಯಾರದೋ ಆಲೆಮನೆಯ ಹೊಗೆ ಅಂತ ಮನೆಯವರೆಲ್ಲ ಸುಮ್ಮನಿದ್ದರು. ಸಂಜೆ ಹೊತ್ತಿಗೆ ಬೆಂಕಿ ಏರಿ ಬಂತು. ಅಪ್ಪ, ಚಿಕ್ಕಪ್ಪ, ಕೇರಿಯವರೆಲ್ಲ ಹಸಿ ಟೊಂಗೆ ಮುರಿದುಕೊಂಡು ಬಡಿದರು. ರಾತ್ರಿ ಬೆಟ್ಟದ ಅಂಚಿಗೆ ದೀಪ ಹಚ್ಚಿಟ್ಟ ಹಾಗೆ ಕಾಣುತ್ತಿತ್ತು. ಬೆಳಿಗ್ಗೆ ತುಳಸಿಕಟ್ಟೆಯ ಮೇಲೆಲ್ಲ ಬೂದಿ. ಆ ವರ್ಷ ಕೊಟ್ಟಿಗೆಗೆ ಹಾಸಲು ದರಕು ಇರಲಿಲ್ಲ.

ಆಲೆಮನೆಯ ಹೊಗೆಗೂ ಕಾಡಿನ ಬೆಂಕಿಯ ಹೊಗೆಗೂ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? ನಲವತ್ತು ವರ್ಷದಿಂದ ನನಗಿದ್ದ ಪ್ರಶ್ನೆ ಅದು. ಈ ನಡಿಗೆಯ ಸುದ್ದಿ ಅಕ್ಕನ ಮಗ ಹೇಳಿದ ತಕ್ಷಣ ಹೊರಟದ್ದು ಅದಕ್ಕೇ.

ಬೆಳಿಗ್ಗೆ ಆರು ಗಂಟೆಗೆ ಅಲ್ಲಿರಬೇಕು. ಶಿರಸಿಯಿಂದ ಹೋಗುವವರು ನಾಲ್ಕೂವರೆಗೇ ಹೊರಡಿ. ಘಟ್ಟದಲ್ಲಿ ಮಂಜು ಇರುತ್ತದೆ. ಬಸ್ಸಿನಲ್ಲಿ ಬರುವುದಾದರೆ ಹಿಂದಿನ ದಿನವೇ ಬಂದು ಉಳಿದುಕೊಳ್ಳುವುದು ಒಳ್ಳೆಯದು. ಗೌಡ್ರ ಮನೆಯ ಜಗಲಿಯಲ್ಲಿ ತಿಂಡಿ. ಕಾಯಿತುರಿ, ಬೆಲ್ಲ ಹಾಕಿ ಕಲಸಿದ ಅವಲಕ್ಕಿ, ಬಾಳೆಹಣ್ಣು, ಬಿಸಿ ಕಷಾಯ. ನನಗೆ ಸಾಕಾಯಿತು. ಕಾಲೇಜಿನ ಹುಡುಗಿಯರು ಮೂವರು ಬಂದಿದ್ದರು, ಅವರು ಎರಡು ಸಲ ಹಾಕಿಸಿಕೊಂಡರು.

ಹೊರಡುವ ಮೊದಲು ಒಂದು ಕೆಲಸ ಕಡ್ಡಾಯ. ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ಸಿಕ್ಕಿಸಿ, ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಬೇಕು. ಇದು ಉಣುಗು, ಅಂದರೆ ಉಣ್ಣೆ ಹುಳ, ಹತ್ತದ ಹಾಗೆ. ಉಂಬಳ (ಜಿಗಣೆ) ಮಳೆಗಾಲದ್ದು, ಕಚ್ಚಿ ರಕ್ತ ಕುಡಿದು ಬಿದ್ದುಹೋಗುತ್ತದೆ. ಉಣುಗು ಒಣಗಾಲದ್ದು, ಮಂಗನ ಕಾಯಿಲೆ ತರುತ್ತದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಕಾಯಿಲೆ ಅದು. ನಮ್ಮ ಸಿದ್ದಾಪುರದ ಕಡೆಯವರಿಗೆ ಅದರ ಹೆದರಿಕೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹುಬ್ಬಳ್ಳಿಯಿಂದ ಬಂದ ಗಂಡ ಹೆಂಡತಿ ಎಣ್ಣೆಯ ವಾಸನೆಗೆ ಮುಖ ಹಿಂಡಿದರು. ಗೌಡ್ರು ಬಿಡಲಿಲ್ಲ. "ಹಚ್ಚದೇ ಇದ್ರೆ ಇಲ್ಲೇ ಕೂತ್ಕಳಿ, ದುಡ್ಡು ವಾಪಸ್ ಕೊಡ್ತೆ" ಅಂದರು. ಹಚ್ಚಿಕೊಂಡರು. ಈ ಶಿಸ್ತಿಗೆ ನನ್ನ ಪೂರ್ತಿ ಅಂಕ.

ದಾರಿಯ ಮೊದಲ ಭಾಗ ಸುಖ. ಅಡಿಕೆ ತೋಟದ ಒಳಗೆ ಹೋಗಿ, ಅಡಿಕೆ ಮರದ ಸಂಕ ದಾಟಿ, ಹಳ್ಳದ ದಂಡೆ ಹಿಡಿದು ನಡೆಯುವುದು. ಆಮೇಲೆ ಕಾನು, ಅಂದರೆ ಸದಾ ಹಸಿರಾಗಿರುವ ದಟ್ಟ ಕಾಡು. ಒಳಗೆ ಕಾಲಿಟ್ಟ ಕೂಡಲೇ ತಂಪು. ಗೌಡ್ರು ನೆಲದಿಂದ ಒಂದು ಹಿಡಿ ಎಲೆ ಎತ್ತಿ ನನ್ನ ಕೈಗೆ ಹಾಕಿದರು. ಜನವರಿ ತಿಂಗಳಲ್ಲೂ ಎಲೆಯ ಅಡಿಭಾಗ ಒದ್ದೆ. "ಕಾನಿಗೆ ಬೆಂಕಿ ತಾನಾಗಿ ಹೋಗೂದಿಲ್ಲ ಅಮ್ಮಾ. ಅಂಚಿನ ಮರ ಕಡಿದು ಬಿಸಿಲು ಒಳಗೆ ಬಿಟ್ರೆ ಮಾತ್ರ ಹೋಗ್ತದೆ." ಅಲ್ಲಿಂದ ಹತ್ತು ನಿಮಿಷ ಮೇಲೆ ಹೋದರೆ ಸಾಗವಾನಿ ನೆಡುತೋಪು. ಅಲ್ಲಿಯ ನೆಲದ ಎಲೆ ಹಿಡಿದರೆ ಹಪ್ಪಳದ ಹಾಗೆ ಪುಡಿಯಾಯಿತು. ನಮ್ಮ ಕಡೆ ಬೆಂಕಿ ಮರದ ತುದಿಯಿಂದ ತುದಿಗೆ ಹಾರುವುದಿಲ್ಲ, ಇಂಥ ಒಣ ಎಲೆ, ಒಣ ಹುಲ್ಲು ಹಿಡಿದು ನೆಲದ ಮೇಲೇ ಹರಿಯುತ್ತದೆ. ದೊಡ್ಡ ಮರ ತಡೆದುಕೊಳ್ಳುತ್ತದೆ. ಎರಡು ಎಲೆ ಬಿಟ್ಟ ಸಸಿ ಉಳಿಯುವುದಿಲ್ಲ. ವರ್ಷ ವರ್ಷ ಹೀಗೇ ಆದರೆ ಮುದಿ ಮರಗಳಷ್ಟೇ ಇರುವ ಕಾಡು ಆಗುತ್ತದೆ. ಎರಡು ಕೈಯಲ್ಲಿ ಎರಡು ಎಲೆ ಹಿಡಿದು ಅವರು ಇದನ್ನು ಹೇಳಿದ್ದು ನನಗೆ ಯಾವ ಪಾಠಕ್ಕಿಂತ ಚೆನ್ನಾಗಿ ಅರ್ಥ ಆಯಿತು.

ಇನ್ನು ಏರು. ಅಕ್ಕನ ಮಗನ ಕೈಗಡಿಯಾರ ಅಳೆದ ಲೆಕ್ಕ ಹೇಳುತ್ತೇನೆ. ಒಟ್ಟು ದಾರಿ ಒಂದು ಕಡೆಗೆ 4.2 ಕಿಲೋಮೀಟರು. ಒಟ್ಟು ಏರು 520 ಮೀಟರು. ಮೊದಲ ಮೂರು ಕಿಲೋಮೀಟರಿನಲ್ಲಿ ಬರೀ 170 ಮೀಟರು. ಉಳಿದ 350 ಮೀಟರು ಕೊನೆಯ 1.2 ಕಿಲೋಮೀಟರಿನಲ್ಲಿ. ಅಂದರೆ ಮೂರು ಹೆಜ್ಜೆ ಮುಂದೆ ಹೋದರೆ ಸುಮಾರು ಒಂದು ಹೆಜ್ಜೆ ಮೇಲೆ. ಮೆಟ್ಟಿಲು ಇಲ್ಲ, ಸುತ್ತುದಾರಿ ಇಲ್ಲ, ನೆಟ್ಟಗೆ ಮೇಲಕ್ಕೆ. ಬೇರು ಹಿಡಿದು ಹತ್ತುವ ಜಾಗ ನಾಲ್ಕು ಕಡೆ ಇದೆ. ಗೌಡ್ರು ಅಲ್ಲಿ ಹವಾಯಿ ಚಪ್ಪಲಿ ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ನಡೆದರು. ನಮಗೆಲ್ಲ ಬಿದಿರಿನ ಕೋಲು ಕೊಟ್ಟಿದ್ದರು. ಕೋಲು ಬಹಳ ಉಪಯೋಗಕ್ಕೆ ಬಂತು, ಬೇಡ ಅನ್ನಬೇಡಿ.

ಕಾನು ಮುಗಿದ ಮೇಲೆ ಬೇಣ, ಅಂದರೆ ಹುಲ್ಲುಗಾವಲು. ಸೊಂಟದವರೆಗೆ ಬೆಳೆದು ಒಣಗಿದ ಕರಡ ಹುಲ್ಲು. ನೋಡಲು ಚೆಂದ, ಕಾಲಿಗೆ ಜಾರು. ಅಲ್ಲೇ ಬೆಂಕಿ ರೇಖೆ ದಾಟುತ್ತೇವೆ. ಹುಲ್ಲು ಸವರಿ, ಎಲೆ ಗುಡಿಸಿ, ಕೆಂಪು ಮಣ್ಣು ಕಾಣುವ ಹಾಗೆ ಮಾಡಿದ ಪಟ್ಟಿ. ನನ್ನ ಹೆಜ್ಜೆಯಲ್ಲಿ ಎಂಟು ಹೆಜ್ಜೆ ಅಗಲ ಇತ್ತು. ಗುಡ್ಡದ ಬೆನ್ನಿನ ಮೇಲೆ ಬೈತಲೆ ತೆಗೆದ ಹಾಗೆ ದೂರದವರೆಗೆ ಹೋಗಿದೆ. ಬೆಂಕಿ ಇಲ್ಲಿಗೆ ಬಂದರೆ ತಿನ್ನಲು ಏನೂ ಸಿಗದೆ ನಿಲ್ಲಬೇಕು ಅಂತ ಮಾಡುವುದು. ಆ ಪಟ್ಟಿ ಪ್ರತಿ ಚಳಿಗಾಲ ಹೊಸದಾಗಿ ಮಾಡಬೇಕು. ಕೈಯಿಂದಲೇ.

ಈ ಏರಿನಲ್ಲಿಯೇ ನನ್ನ ದೂರು ಇರುವುದು. ನಮ್ಮ ಗುಂಪಿನಲ್ಲಿ ಒಬ್ಬರು ನಿವೃತ್ತ ಮಾಸ್ತರರಿದ್ದರು. ಮೊಣಕಾಲು ನೋವು ಇದೆ ಅಂತ ಬುಕ್ ಮಾಡುವಾಗಲೇ ಹೇಳಿದ್ದರಂತೆ. "ಪರವಾಗಿಲ್ಲ ಬನ್ನಿ" ಅಂದಿದ್ದರು. ಏರು ಶುರುವಾಗಿ ಕಾಲು ಗಂಟೆಗೆ ಅವರಿಗೆ ಆಗಲಿಲ್ಲ. ಹಿಂದೆ ಬರುತ್ತಿದ್ದ ಹುಡುಗ ಅವರ ಜೊತೆ ಕುಳಿತ. ನಾವು ಮೇಲೆ ಹೋಗಿ ಇಳಿದು ಬರುವವರೆಗೆ, ಮೂರೂವರೆ ಗಂಟೆ, ಒಂದೇ ಬಂಡೆಯ ಮೇಲೆ ಕಾದರು. ಪಾಪ, ಒಂದು ಮಾತು ಆಡಲಿಲ್ಲ ಅವರು. ಆದರೆ ನನಗೆ ಬೇಸರವಾಯಿತು. ಫೋನ್ ತೆಗೆಯುವವರು ಏರು ಎಷ್ಟು, ಎಷ್ಟು ಹೊತ್ತು ಬೇಕು ಅಂತ ನೇರವಾಗಿ ಹೇಳಬೇಕು. ಕಾನಿನವರೆಗೆ ಬಂದು ತಿರುಗುವ ಇನ್ನೊಂದು ಸಣ್ಣ ನಡಿಗೆ ಇಟ್ಟರೆ ಅಂಥವರೂ ಖುಷಿಯಾಗಿ ಬರುತ್ತಾರೆ. ಇದನ್ನು ಸಮಿತಿಯವರಿಗೂ ಹೇಳಿ ಬಂದಿದ್ದೇನೆ. ಕೇಳಿಸಿಕೊಂಡಿದ್ದಾರೆ.

ಹತ್ತಲು ನನಗೆ ಎರಡು ಗಂಟೆ ಐವತ್ತು ನಿಮಿಷ ಬೇಕಾಯಿತು. ಹುಡುಗಿಯರು ಅರ್ಧ ಗಂಟೆ ಮೊದಲೇ ತಲುಪಿದ್ದರು.

ಮೇಲೆ ಇರುವುದು ಒಂದು ಮಾಳ. ಗದ್ದೆಗೆ ಹಂದಿ ಬಾರದ ಹಾಗೆ ಕಾಯಲು ಹಾಕುತ್ತಾರಲ್ಲ, ಅಂಥದ್ದೇ, ಸ್ವಲ್ಪ ದೊಡ್ಡದು. ನಾಲ್ಕು ಕಂಬ, ಬಿದಿರಿನ ಅಟ್ಟ, ಸುತ್ತ ಎದೆಮಟ್ಟದ ಬಿದಿರಿನ ಅಡ್ಡೆ, ಮೇಲೆ ಅಡಿಕೆ ಸೋಗೆಯ ಮಾಡು. ಏಣಿಯ ಮೂರನೇ ಮೆಟ್ಟಿಲು ಅಲುಗಾಡುತ್ತದೆ, ಅದನ್ನು ಸರಿಮಾಡಿಸಬೇಕು. ಒಂದು ಸಲಕ್ಕೆ ನಾಲ್ಕೇ ಜನ ಹತ್ತಬಹುದು. ಒಳಗೆ ನೀರಿನ ಕೊಡ, ಕತ್ತಿ, ಒಂದು ಸೀಟಿ, ಕೂರಲು ಗೋಣಿಚೀಲ. ಅಷ್ಟೇ.

ಪಡುವಣಕ್ಕೆ ಕಡಲು. ಹತ್ತು ಗಂಟೆಯವರೆಗೆ ಬರೀ ಬಿಳಿ. ಆಮೇಲೆ ಮಂಜು ಹರಿದು ಮೊದಲು ಕಂಡದ್ದು ಅಘನಾಶಿನಿಯ ಅಳಿವೆ ಕಡೆ ಗಜನಿ ಗದ್ದೆಗಳ (ಉಪ್ಪುನೀರು ನುಗ್ಗುವ ಗದ್ದೆಗಳ) ನೀರು, ತಗಡಿನ ಹಾಗೆ ಹೊಳೆಯುತ್ತಿತ್ತು. ನಮ್ಮ ಶಿರಸಿಯಲ್ಲಿ ಹುಟ್ಟುವ ಹೊಳೆ ಒಂದು ಅಣೆಕಟ್ಟೂ ಇಲ್ಲದೆ ಹರಿದು ಅಲ್ಲಿ ಕಡಲು ಸೇರುತ್ತದೆ. ಮೂಡಣಕ್ಕೆ ಘಟ್ಟದ ಮಡಿಕೆಗಳು. ಅಲ್ಲಲ್ಲಿ ತೋಟ, ಹೆಂಚಿನ ಮನೆ. ನೋಟ ಬಹಳ ಚೆನ್ನಾಗಿದೆ. ಆದರೆ ನೋಟಕ್ಕಾಗಿಯೇ ಆದರೆ ಯಾಣಕ್ಕೋ, ಉಂಚಳ್ಳಿಗೋ ಹೋಗಬಹುದು, ಇಷ್ಟು ಕಷ್ಟ ಬೇಡ. ಇಲ್ಲಿಗೆ ಬರಬೇಕಾದದ್ದು ಮುಂದಿನ ಒಂದು ಗಂಟೆಗೆ.

ಗೌಡ್ರು ಬಿದಿರಿನ ಅಡ್ಡೆಯ ಮೇಲೆ ಕೈಯಿಟ್ಟು ತೋರಿಸಿದರು. ಕತ್ತಿಯಿಂದ ಕೊರೆದ ಗುರುತುಗಳು. ಮೂಡು ಬದಿಗೆ ಒಂಬತ್ತು, ಬಡಗು ಬದಿಗೆ ಆರು. ಬೆರಳು ಆಡಿಸಿ ಆಡಿಸಿ ಕೆಲವು ನುಣುಪಾಗಿವೆ. ಎದುರಿನ ಕಂಬಕ್ಕೆ, ಅವರ ಕಣ್ಣಿನ ಎತ್ತರಕ್ಕೆ, ಒಂದು ಮೊಳೆ. ಮೊಳೆಗೆ ಕೆನ್ನೆ ತಾಗಿಸಿ ನಿಂತು ಒಂದು ಗುರುತಿನ ಮೇಲಿಂದ ನೋಡಿದರೆ ಕಣ್ಣು ನೇರ ಒಂದು ಜಾಗಕ್ಕೆ ಹೋಗುತ್ತದೆ. ಒಂದು ಗುರುತು ದೇವಸ್ಥಾನದ ಕಾನಿಗೆ. ಒಂದು ಹಳ್ಳ ಕೂಡುವ ಜಾಗಕ್ಕೆ. ಒಂದು ಅಕೇಶಿಯಾ ತೋಪಿಗೆ. ನಾನು ಕುಳ್ಳಿ, ಮೊಳೆಗೆ ಕೆನ್ನೆ ತಾಗಲಿಲ್ಲ. ಗೋಣಿಚೀಲ ಮಡಚಿ ಕಾಲಡಿಗೆ ಹಾಕಿಕೊಟ್ಟರು. ನಿಂತು ನೋಡಿದೆ. ಐದನೇ ಗುರುತಿನ ಮೇಲೆ, ಸರಿಯಾಗಿ ನಡುವಿಗೆ, ಒಂದು ಬಿಳಿ ಹೊಗೆಯ ಎಳೆ.

"ಅದು ಆಲೆಮನೆ" ಅಂದರು ಗೌಡ್ರು.

"ಹೇಗೆ ಹೇಳ್ತೀರಿ ಗೌಡ್ರೇ?" ನನ್ನ ದನಿ ಸ್ವಲ್ಪ ಜೋರಾಗಿಯೇ ಬಂತೇನೋ, ಹುಡುಗಿಯರು ತಿರುಗಿ ನೋಡಿದರು.

"ಹೊಗೆಯ ತಲೆ ನೋಡೂದಲ್ಲ ಅಮ್ಮಾ, ಬುಡ ನೋಡ್ಬೇಕು. ತಲೆ ಗಾಳಿ ಹೇಳ್ದಂಗೆ ಕೇಳ್ತದೆ. ಬುಡ ಸುಳ್ಳು ಹೇಳೂದಿಲ್ಲ."

ಆಲೆಮನೆಯ ಒಲೆ ಒಂದೇ ಕಡೆ ಉರಿಯುತ್ತದೆ. ಕಬ್ಬಿನ ಸಿಪ್ಪೆ ತುಂಬಿದಾಗ ಹೊಗೆ ದಪ್ಪ ಬಿಳಿ. ಉರಿ ಹಿಡಿದ ಮೇಲೆ ತೆಳು ನೀಲಿ. ಮತ್ತೆ ಸಿಪ್ಪೆ ಹಾಕಿದಾಗ ಮತ್ತೆ ಬಿಳಿ. ಹೀಗೆ ಏರಿಳಿತ ಇರುತ್ತದೆ, ಆದರೆ ಬುಡ ಗುರುತು ಬಿಟ್ಟು ಅಲುಗುವುದಿಲ್ಲ. ಅಡಿಕೆ ಬೇಯಿಸುವ ಹೊಗೆ ಇನ್ನೊಂದು ಥರ. ಅದು ಮಾಡಿನ ಹೆಂಚಿನ ಸಂದಿಯಿಂದ ಸೋರುವುದರಿಂದ ತೋಟದ ಮೇಲೆ ಚಾದರ ಹಾಸಿದ ಹಾಗೆ ಚಪ್ಪಟೆ ಮಲಗುತ್ತದೆ, ಎದ್ದು ನಿಲ್ಲುವುದಿಲ್ಲ. ಧೂಳು ಹೊಗೆಯಲ್ಲ, ಅದು ರಸ್ತೆ ಹಿಡಿದು ಓಡುತ್ತದೆ. ಮಂಜು ಹಳ್ಳ ಬಿಟ್ಟು ಏಳುವುದಿಲ್ಲ. ಕಾಡಿನ ಬೆಂಕಿಯ ಹೊಗೆ ಮೊದಲು ಸಣ್ಣ ಎಳೆಯೇ. ಆಲೆಮನೆ ಅಂತಲೇ ಅನಿಸುತ್ತದೆ. ಆದರೆ ಹತ್ತು ನಿಮಿಷ ಗುರುತಿನ ಮೇಲೆ ಇಟ್ಟು ನೋಡಿ. ಬುಡ ಅಗಲ ಆಗುತ್ತದೆ, ಆಮೇಲೆ ಗುರುತು ಬಿಟ್ಟು ಸರಿಯುತ್ತದೆ. ಅದೂ ಹೆಚ್ಚಾಗಿ ಮೇಲಿನ ಕಡೆಗೆ. ಉರಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿ ಇಟ್ಟಿರುತ್ತದೆ, ಅದಕ್ಕೆ ಏರಿನಲ್ಲಿ ಬೆಂಕಿ ಓಡುತ್ತದೆ. ಮಧ್ಯಾಹ್ನದ ಮೇಲೆ ಕಡಲಿನ ಗಾಳಿ ಬೀಸಿದರಂತೂ ಘಟ್ಟದ ಮೈ ಹಿಡಿದು ಮೇಲಕ್ಕೆ ತಳ್ಳುತ್ತದೆ.

ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. 1985ರ ಆ ಮಧ್ಯಾಹ್ನ ಯಾರಾದರೂ ಹತ್ತು ನಿಮಿಷ ಬುಡ ನೋಡಿದ್ದರೆ ಸಾಕಿತ್ತು. ನಾವೆಲ್ಲ ತಲೆ ನೋಡಿದ್ದೆವು.

ಹನ್ನೊಂದು ಗಂಟೆಯ ಹೊತ್ತಿಗೆ ಬಡಗು ಬದಿಯ ಎರಡು ಗುರುತುಗಳ ನಡುವೆ ಇನ್ನೊಂದು ಹೊಗೆ ಎದ್ದಿತು. ಇದು ಗೌಡ್ರ ಲೆಕ್ಕದಲ್ಲಿ ಇರಲಿಲ್ಲ. ಮಾತು ನಿಲ್ಲಿಸಿದರು. ಮೊಳೆಗೆ ಕೆನ್ನೆ ತಾಗಿಸಿ ನಿಂತರು. ಕಿರುಬೆರಳು ಅಡ್ಡೆಯ ಮೇಲೆ ಇಟ್ಟು ಹೊಗೆಯ ಬುಡಕ್ಕೆ ಸರಿ ಹಿಡಿದರು. ನಾವೂ ಸುಮ್ಮನಾದೆವು. ಐದು ನಿಮಿಷಕ್ಕೆ ಬುಡ ಕಿರುಬೆರಳಿನಷ್ಟಿತ್ತು. ಎಂಟು ನಿಮಿಷಕ್ಕೆ ಎರಡು ಬೆರಳು. ಫೋನ್ ತೆಗೆದರು. ಮಾಳದ ಒಂದೇ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತದೆ, ಅಲ್ಲಿಗೆ ಹೋಗಿ ಆಚೆ ಗುಡ್ಡದ ಬುಡದಲ್ಲಿರುವ ಅವರ ಭಾವನಿಗೆ ಹಚ್ಚಿದರು. "ನಿಂಗೆ ಯಾವ ಬದಿಗೆ ಕಾಣ್ತದೆ? ಹಲಸಿನ ಮರದ ಎಡಕ್ಕೋ ಬಲಕ್ಕೋ?" ಇವರ ಗುರುತಿನ ಗೆರೆ ಒಂದು, ಅವರ ಹಲಸಿನ ಮರದ ಗೆರೆ ಇನ್ನೊಂದು. ಎರಡೂ ಎಲ್ಲಿ ಕೂಡುತ್ತವೋ ಅಲ್ಲೇ ಬೆಂಕಿ. ನಕ್ಷೆ ಇಲ್ಲ, ಯಂತ್ರ ಇಲ್ಲ. ಒಂದು ನಿಮಿಷದೊಳಗೆ ಯಾರ ತೋಟದ ಬೇಲಿ ಅಂತ ಇಬ್ಬರಿಗೂ ಗೊತ್ತಾಯಿತು.

ಭಾವ ಬೈಕಿನಲ್ಲಿ ಹೋಗಿ ನೋಡಿ ತಿರುಗಿ ಫೋನ್ ಮಾಡಿದರು. ಗೊಬ್ಬರಕ್ಕೆ ಸುಡುಮಣ್ಣು ಮಾಡಲು ತೋಟದ ಅಂಚಿಗೆ ದರಕು ರಾಶಿ ಹಾಕಿ ಬೆಂಕಿ ಕೊಟ್ಟಿದ್ದರು. ಇಬ್ಬರು ಕೊಡಪಾನ ಹಿಡಿದು ಪಕ್ಕದಲ್ಲೇ ಇದ್ದರು. "ಪೂರ್ತಿ ಆರ್ಸಿ ಆದ ಮೇಲೇ ಮನೆಗೆ ಹೋಗ್ಬೇಕು ಅನ್ನು" ಎಂದು ಹೇಳಿ ಗೌಡ್ರು ಫೋನ್ ಇಟ್ಟರು. ಇಟ್ಟ ಮೇಲೂ ಆ ಕಡೆಯಿಂದ ಕಣ್ಣು ತೆಗೆಯಲಿಲ್ಲ. ಹೊಗೆ ತೆಳುವಾಗಿ ಹರಿದುಹೋದ ಮೇಲೆ, ಸುಮಾರು ಹನ್ನೊಂದು ಮುಕ್ಕಾಲಿಗೆ, ನಮ್ಮ ಕಡೆ ತಿರುಗಿ "ಹಾಂ, ಏನು ಹೇಳ್ತಿದ್ದೆ" ಅಂದರು.

ಹುಬ್ಬಳ್ಳಿಯವರು ಕೇಳಿದರು, ಈಗ ಉಪಗ್ರಹ ಇದೆಯಲ್ಲ, ಇದೆಲ್ಲ ಯಾಕೆ ಬೇಕು ಅಂತ. ಒಳ್ಳೆಯ ಪ್ರಶ್ನೆ. ಗೌಡ್ರು ಉಪಗ್ರಹವನ್ನು ತೆಗೆದುಹಾಕಲಿಲ್ಲ. ದೆಹರಾದೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯಿಂದ ಅರಣ್ಯದವರ ಫೋನಿಗೆ ಮೆಸೇಜು ಬರುತ್ತದೆ, ಅಲ್ಲಿಂದ ಇವರಿಗೂ ತಿಳಿಸುತ್ತಾರೆ. ದೂರದ ಕಾಡಿಗೆ ಅದೇ ಕಣ್ಣು. ಉಳಿದದ್ದನ್ನು ಅಕ್ಕನ ಮಗ ಬಿಡಿಸಿ ಹೇಳಿದ. ಉಪಗ್ರಹ ದಿನಕ್ಕೆ ಕೆಲವೇ ಸಲ ಮೇಲಿಂದ ಹಾದುಹೋಗುತ್ತದೆ. ಅದು ತೋರಿಸುವ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 375 ಮೀಟರು ಉದ್ದ, ಅಷ್ಟೇ ಅಗಲ. ಎರಡು ಬೆರಳು ಅಗಲದ ಹೊಗೆ ಎದ್ದ ಎಂಟನೇ ನಿಮಿಷಕ್ಕೆ ಯಾರ ಬೇಲಿ ಅಂತ ಹೇಳಲು ಅದಕ್ಕೆ ಆಗುವುದಿಲ್ಲ.

ಅವನು ಎರಡು ವರ್ಷ ಅಮೆರಿಕದಲ್ಲಿದ್ದು ಬಂದವನು. ಅಲ್ಲಿಯೂ ಬೆಟ್ಟದ ತುದಿಗೆ ಮರದ ಕಾವಲು ಮನೆಗಳಿವೆಯಂತೆ, ಅವಕ್ಕೂ ಹೀಗೇ ಕಡಿದಾದ ಏರು ಹತ್ತಿ ಹೋಗುತ್ತಾರಂತೆ. 1910ರಲ್ಲಿ ಐಡಾಹೊ, ಮೊಂಟಾನಾ ಕಡೆ ಎರಡು ದಿನದಲ್ಲಿ ಸುಮಾರು 30 ಲಕ್ಷ ಎಕರೆ ಕಾಡು ಸುಟ್ಟ ಮೇಲೆ ಅಂಥ ಮನೆಗಳು ಹೆಚ್ಚಾದವು. ಒಳಗೆ ನಕ್ಷೆ ಅಂಟಿಸಿದ ದುಂಡು ತಟ್ಟೆ, ಅದರ ಮೇಲೆ ಗುರಿ ನೋಡುವ ಎರಡು ಕಡ್ಡಿ. ಆಸ್‌ಬೋರ್ನ್ ಎಂಬ ಅಲ್ಲಿಯ ಅರಣ್ಯ ಇಲಾಖೆಯ ನೌಕರ ಮಾಡಿದ್ದು. ಗೌಡ್ರ ಮೊಳೆ, ಗುರುತು ಮಾಡುವುದೂ ಅದನ್ನೇ. ಇದನ್ನು ಕೇಳಿ ಗೌಡ್ರಿಗೆ ಬಹಳ ಖುಷಿ ಆಯಿತು. "ಅವ್ರೂ ಮೊಳೆ ಹೊಡೀತ್ರಾ?" ಅಂತ ಎರಡು ಸಲ ಕೇಳಿದರು. ಫೋನಿನಲ್ಲಿ ಚಿತ್ರ ತೋರಿಸಿದ ಮೇಲೆ ತುಂಬ ಹೊತ್ತು ನೋಡಿದರು.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಒಣ ಕರಡದ ಮೇಲೆ ಕಾಲು ನಿಲ್ಲುವುದಿಲ್ಲ. ಅಡ್ಡಕಾಲು ಹಾಕಿ, ಕೋಲು ಕೆಳಗೆ ಊರಿ ಇಳಿಯಿರಿ. ತಳ ಸವೆದ ಬೂಟು ಹಾಕಿಕೊಂಡು ಬಂದ ಒಬ್ಬ ಹುಡುಗಿ ಮೂರು ಸಲ ಜಾರಿ ಅಂಗೈ ತರಚಿಕೊಂಡಳು. ನಾನು ಹಾಕಿಕೊಂಡದ್ದು ಅಡಿಯಲ್ಲಿ ಉಬ್ಬುಗಳಿರುವ ಪ್ಲಾಸ್ಟಿಕ್ ಬೂಟು, ಶಿರಸಿ ಸಂತೆಯಲ್ಲಿ 350 ರೂಪಾಯಿಗೆ ತಗೊಂಡದ್ದು. ಒಂದು ಸಲವೂ ಜಾರಲಿಲ್ಲ. ಆದರೆ ಒಳಗೆ ದಪ್ಪ ಕಾಲುಚೀಲ ಬೇಕು, ಇಲ್ಲದಿದ್ದರೆ ಹಿಮ್ಮಡಿ ಬೊಕ್ಕೆ ಏಳುತ್ತದೆ.

ಕೆಳಗೆ ಬಂದ ಮೇಲೆ ಮೊದಲು ಉಣುಗು ಹುಡುಕುವ ಕೆಲಸ. ಹೆಂಗಸರಿಗೆ ಒಳಗೆ ಬೇರೆ ಕೋಣೆ. ನನ್ನ ಮಂಡಿಯ ಹಿಂದೆ ಒಂದು ಇತ್ತು, ಎಳ್ಳಿನಷ್ಟು. ಗೌಡ್ರ ಹೆಂಡತಿ ಚಿಮಟದಿಂದ ಬುಡಕ್ಕೇ ಹಿಡಿದು ನೆಟ್ಟಗೆ ಎಳೆದು ತೆಗೆದರು. ತೆಗೆದ ಜಾಗ ಸೋಪಿನಿಂದ ತೊಳೆಸಿದರು. ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ ಎಂದರು. ಬರಲಿಲ್ಲ. ಆದರೂ ಹಾಗೆ ಹೇಳಿ ಕಳಿಸುವವರು ಎಷ್ಟು ಜನ ಇದ್ದಾರೆ?

ಊಟ ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಬಸಳೆ ಪಲ್ಯ, ಮಾವಿನ ಮಿಡಿ ಉಪ್ಪಿನಕಾಯಿ. ಮೀನು ತಿನ್ನುವವರಿಗೆ ಬಂಗಡೆ, ಬೇರೆ ಒಲೆಯಲ್ಲಿ ಮಾಡಿದ್ದು. ಕೊನೆಗೆ ಮುರುಗಲು (ಕೋಕಂ) ಸಿಪ್ಪೆಯ ಕಡಿ, ಅದನ್ನು ನಾನು ಮೂರು ಲೋಟ ಕುಡಿದೆ. ಊಟ ಬಡಿಸುವಾಗ ಎರಡೂಕಾಲು ಆಗಿತ್ತು. ಬೆಳಗಿನ ಅವಲಕ್ಕಿಯ ಮೇಲೆ ಅಷ್ಟು ಹೊತ್ತು ತಡೆಯುವುದು ಸುಲಭ ಅಲ್ಲ. ಮೇಲೆ ತಿನ್ನಲು ಒಂದು ಚಿಕ್ಕಿ ತುಂಡಾದರೂ ಕೊಟ್ಟರೆ ಒಳ್ಳೆಯದು. ನೀವು ಹೋಗುವಾಗ ಕಡಲೆ, ಬೆಲ್ಲ ಕಟ್ಟಿಕೊಂಡು ಹೋಗಿ. ನೀರು ಎರಡು ಲೀಟರು ಇರಲೇಬೇಕು. ಕಾನಿನ ಹಳ್ಳ ಬಿಟ್ಟರೆ ಮೇಲೆ ನೀರಿಲ್ಲ, ಮಾಳದ ಕೊಡದ ನೀರು ಗೌಡ್ರು ಹೊತ್ತು ತಂದದ್ದು. ಅದನ್ನು ಕುಡಿಯಬೇಡಿ. ಪಾಯಖಾನೆ ಹಳ್ಳಿಯಲ್ಲಿ ಮಾತ್ರ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಹೋದದ್ದು ಮಾಸ್ತರರು ಕಾದ ಮೂರೂವರೆ ಗಂಟೆಗೆ.

ನಡಿಗೆ ನವೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ಮಾತ್ರ. ಫೆಬ್ರವರಿಯಿಂದ ಹೊರಗಿನವರನ್ನು ಬಿಡುವುದಿಲ್ಲ, ಆಗ ಕಾವಲು ಶುರು. ಬೀಡಿ, ಸಿಗರೇಟು, ಬೆಂಕಿಪೊಟ್ಟಣ ಕೆಳಗೆ ಜಗಲಿಯಲ್ಲೇ ಇಟ್ಟು ಹೋಗಬೇಕು, ಚೀಲ ಬಿಚ್ಚಿ ನೋಡುತ್ತಾರೆ. ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ. ಹತ್ತು ಗಂಟೆಗೆ ಮೊದಲು ಮಂಜು ಇರುವುದರಿಂದ ಮೇಲೆ ಬೇಗ ತಲುಪಿದವರು ಬೇಗ ಇಳಿಯೋಣ ಅನ್ನಬೇಡಿ, ಹನ್ನೆರಡರವರೆಗೆ ಕುಳಿತುಕೊಳ್ಳಿ. ಗೌಡ್ರನ್ನು ಪ್ರಶ್ನೆ ಕೇಳಿ. ಕೇಳದೆ ಅವರು ತಾವಾಗಿ ಮಾತಾಡುವವರಲ್ಲ.

ಹಳ್ಳಿಯಲ್ಲಿ ಫೋನ್‌ಪೇ ನಡೆಯುವುದಿಲ್ಲ, ನೋಟು ತನ್ನಿ. 600ರ ಮೇಲೆ ಗೌಡ್ರಿಗೆ ಏನಾದರೂ ಕೊಡಬೇಕು ಅನಿಸಿದರೆ ದುಡ್ಡು ತಗೊಳ್ಳುವುದಿಲ್ಲ. ನಾನು ಕೇಳಿದ್ದಕ್ಕೆ ಒಂದು ದುರ್ಬೀನು ಇದ್ದರೆ ಸಾಕಿತ್ತು, ಹಳೆಯದಾದರೂ ಆದೀತು ಅಂದರು. ಅಕ್ಕನ ಮಗ ತನ್ನದನ್ನು ಒರೆಸಿ ಇಟ್ಟಿದ್ದಾನೆ. ಬರುವ ಭಾನುವಾರ ಕುಮಟಾ ಕಡೆ ಹೋಗುವವರಿದ್ದೇವೆ, ಕೊಟ್ಟು ಬರುತ್ತೇವೆ.